ಚಿಗರಿ ಎಳೆದವಳು

ಶಿವಕಾಂತಾಳ ಪಕ್ಕದ ಸೀಟು ಖಾಲಿ ಇತ್ತು. ಔರಾದ ಕಡೆಯಿಂದ ಬೀದರಕ್ಕೆ ಹೋಗುವ ಸಂಜೆಯ ಬಸ್ಸು. ಬಾಗಿಲತನಕ ಜನ ನಿಂತಿದ್ದರು. ಕಂಬಿಗೆ ಜೋತುಬಿದ್ದ ಮುದುಕಿಯೊಬ್ಬಳು ಖಾಲಿ ಸೀಟು ಕಂಡು, ಮಂದಿಯನ್ನು ಸರಿಸಿಕೊಂಡು ಬಂದು ಕುಂತಳು. ಕುಂತವಳು ಮೂಗಿಗೆ ಸೆರಗು ಹಿಡಿದಳು. ಶಿವಕಾಂತಾಳನ್ನು ಮೇಲಿಂದ ಕೆಳಗೆ ನೋಡಿದಳು. ಎದ್ದು ಹೋಗಿ ಮತ್ತೆ ಕಂಬಿ ಹಿಡಿದಳು.

ಶಿವಕಾಂತಾ ಕಿಟಕಿಯ ಕಡೆ ಮುಖ ಮಾಡಿದಳು. ಬಸ್ಸು ಹತ್ತುವ ಮುಂಚೆ ಅವಳು ಕೈಕಾಲು ತೊಳೆದುಕೊಂಡಿದ್ದಳು. ಬಟ್ಟೆ ಒಗೆಯುವ ಸಾಬೂನಿನಿಂದ, ತೊಗಲು ಉರಿಯುವ ಹಾಗೆ ತಿಕ್ಕಿ ತೊಳೆದಿದ್ದಳು. ಆದರೂ ಸತ್ತ ಪ್ರಾಣಿಯ ವಾಸನೆ ನೀರಿಗೆ ಹೋಗುವುದಿಲ್ಲ. ಉಗುರಿನ ಸಂದಿಯಲ್ಲಿ, ಕೂದಲ ಬುಡದಲ್ಲಿ, ಸೀರೆಯ ನೆರಿಗೆಯಲ್ಲಿ ಅಡಗಿ ಕೂತು ಮನೆತನಕ ಬರುತ್ತದೆ.

ಯಾರಾದರೂ ಕೇಳಿದರೆ, ವಿಮಾನ ನಿಲ್ದಾಣದಾಗ ಕೆಲಸ ಮಾಡ್ತೇನಿ ಅನ್ನುತ್ತಿದ್ದಳು. ಏನು ಕೆಲಸ ಅಂತ ಕೇಳಿದರೆ ಕಸ ಗುಡಿಸೋದು ಅನ್ನುತ್ತಿದ್ದಳು. ಮೊದಲು ಅದು ಖರೇನೇ ಆಗಿತ್ತು. ಗಂಡ ಹೈದರಾಬಾದಿನಲ್ಲಿ ಕಟ್ಟಡದ ಮೇಲಿಂದ ಬಿದ್ದು ಸತ್ತ ಮೇಲೆ, ಮಕ್ಕಳಿಲ್ಲದ ಶಿವಕಾಂತಾ ಬೀದರಕ್ಕೆ ಬಂದು ಅನ್ವರಿ ಬೇಗಂ ಎಂಬ ಮುದುಕಿಯ ಮನೆಯ ಹಿಂದಿನ ಖೋಲಿಯಲ್ಲಿ ಬಾಡಿಗೆಗೆ ಇದ್ದಳು. ಔರಾದ ರಸ್ತೆಯ ವಿಮಾನ ನಿಲ್ದಾಣಕ್ಕೆ ಹೆಣ್ಣಾಳು ಬೇಕು ಅಂತ ಗುತ್ತಿಗೆಯವರು ಕರೆದರು. ಖಾಕಿ ಅಂಗಿ ಕೊಟ್ಟರು. ಸೀರೆಯ ಮೇಲೆ ಅದನ್ನು ತೊಟ್ಟು, ಕೊರಳಿಗೆ ಹೆಸರಿನ ಪಟ್ಟಿ ಹಾಕಿಕೊಂಡು, ಗಾಜಿನ ಗೋಡೆಯ ಒಳಗೆ ತಂಪಿನಲ್ಲಿ ನೆಲ ಒರೆಸಿದಳು. ತನ್ನ ಮುಖ ತಾನೇ ಕಾಣುವಷ್ಟು ನುಣುಪಾದ ನೆಲ ಅದು. ಅಂಥ ಕೆಲಸ ಅವಳ ಮನೆತನದಲ್ಲಿ ಯಾರೂ ಮಾಡಿರಲಿಲ್ಲ. ತಮ್ಮ ಅವಿನಾಶನಿಗೆ ಫೋನ್ ಮಾಡಿ ಹೇಳಿದ್ದಳು. ಅವನೂ ಖುಷಿಪಟ್ಟಿದ್ದ.

ಆಮೇಲೆ ನಿಲ್ದಾಣ ದೊಡ್ಡದು ಮಾಡಲು ಹೊರಟರು. ಸಣ್ಣ ವಿಮಾನ ಇಳಿಯುವಲ್ಲಿ ದೊಡ್ಡ ವಿಮಾನ ಇಳಿಯಬೇಕು, ಸಾಮಾನು ಹೊರುವ ವಿಮಾನವೂ ಬರಬೇಕು, ರನ್‌ವೇ ಉದ್ದ ಆಗಬೇಕು ಅಂತಾಯಿತು. ಪಕ್ಕದಲ್ಲಿ ಗಾಯರಾಣ ಇತ್ತು. ಸುತ್ತಲ ಹಳ್ಳಿಯ ದನ ಮೇಯುವ ಸರಕಾರಿ ಹುಲ್ಲುಗಾವಲು. ಅದರ ನಡುವೆ ಒಂದು ಕೆರೆ. ಕೆರೆಗೆ ಚಳಿಗಾಲದಲ್ಲಿ ಎಲ್ಲಿಂದಲೋ ಬಾತುಗಳು ಬರುತ್ತಿದ್ದವು. ಹುಲ್ಲಿನಲ್ಲಿ ಟಿಟ್ಟಿಭಗಳು ಮೊಟ್ಟೆ ಇಡುತ್ತಿದ್ದವು. ಚಿಗರಿಗಳ, ಅಂದರೆ ಕೃಷ್ಣಮೃಗಗಳ, ಹಿಂಡು ಅಲ್ಲೇ ಇತ್ತು. ಕಂಪನಿಯವರು ಗಾಯರಾಣದ ಸುತ್ತ ತಂತಿ ಬೇಲಿ ಎಳೆದರು. ಬೇಲಿಯ ಎರಡು ತುದಿ ಕೂಡಿದ ದಿನ ಚಿಗರಿ ಒಳಗೇ ಇದ್ದವು. ಯಾರೂ ಅವನ್ನು ಹೊರಗೆ ಬಿಡಲಿಲ್ಲ. ಹಿಡಿದುಕೊಂಡು ಹೋಗಲು ಅರಣ್ಯ ಇಲಾಖೆಯವರು ಬರುತ್ತಾರೆ ಅಂತ ಹೇಳುತ್ತಿದ್ದರು. ಮಳೆಗಾಲ ಹೋಯಿತು, ಚಳಿಗಾಲ ಹೋಯಿತು. ಯಾರೂ ಬರಲಿಲ್ಲ.

ನೀರಿದ್ದರೆ ಹಕ್ಕಿ ಬರುತ್ತವೆ, ಹಕ್ಕಿ ಬಂದರೆ ವಿಮಾನಕ್ಕೆ ಬಡಿಯುತ್ತವೆ ಅಂತ ಕೆರೆಯ ಒಡ್ಡು ಒಡೆದು ನೀರು ಬಿಟ್ಟರು. ಮೀನು ಕೆಸರಲ್ಲಿ ಒದ್ದಾಡಿ ಸತ್ತವು. ಮೀನು ತಿನ್ನಲು ಹದ್ದು, ಬೆಳ್ಳಕ್ಕಿ ಮುತ್ತಿದವು. ಅವನ್ನು ಓಡಿಸಲು ಪಟಾಕಿ ಹೊಡೆಯುವವನನ್ನು ಇಟ್ಟರು. ಉಸ್ಮಾನ ಮಿಯಾ ಅಂತ ಅವನ ಹೆಸರು. ಬಗದಲ್ ಕಡೆಯ ಮುದುಕ. ಬೆಳಗಿನಿಂದ ಸಂಜೆತನಕ ರನ್‌ವೇ ಪಕ್ಕದಲ್ಲಿ ಓಡಾಡುತ್ತ ಪಟಾಕಿ ಹಚ್ಚಿ ಎಸೆಯುವುದೇ ಅವನ ನೌಕರಿ. ಕಿವಿಗೆ ಹತ್ತಿ ತುಂಬಿಕೊಳ್ಳುತ್ತಿದ್ದ. ಆದರೂ ಕಿವಿ ಹೋಗುತ್ತ ಬಂತು.

ಬೇಲಿ ಎಳೆದ ಸ್ವಲ್ಪ ದಿನಕ್ಕೆ ಒಂದು ಚಿಗರಿ ಅದಕ್ಕೆ ಬಡಿದು ಸತ್ತಿತು. ಅವತ್ತು ಸೂಪರ್‌ವೈಸರ್ ವಿಶ್ವಾಸ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದ. ನೆಲ ಒರೆಸುವ ಹೆಣ್ಣುಮಕ್ಕಳು ನಾಲ್ಕಾರು ಮಂದಿ ಇದ್ದರು. ಗೇಟಿನಲ್ಲಿ ಗಟ್ಟಿಮುಟ್ಟು ಗಂಡಸರಿದ್ದರು. ಅವನು ಸೀದಾ ಶಿವಕಾಂತಾಳ ಹತ್ತಿರ ಬಂದ.

"ನಿಂದು ಯಾವ ಕೇರಿ?"

ಅವನಿಗೆ ಗೊತ್ತಿತ್ತು. ಆದರೂ ಅವಳ ಬಾಯಿಂದಲೇ ಹೇಳಿಸಿದ. ಅವಳು ಹೇಳಿದಳು. ಉಳಿದ ಹೆಂಗಸರು ಒರೆಸುವುದನ್ನು ನಿಲ್ಲಿಸಿ ಕೇಳಿಸಿಕೊಂಡರು.

"ಬಾ. ಬೇಲಿ ಹತ್ರ ಒಂದು ಸತ್ತು ಬಿದ್ದದ. ಎಳದು ಗುಂಡಿಗಿ ಹಾಕಬೇಕು."

"ನಾ ಯಾಕ್ರಿ ಸಾಹೇಬ್ರ? ಗಂಡಾಳು ಅದಾರಲ್ಲರಿ."

"ಅವರು ಮುಟ್ಟಲ್ಲ. ನಿಮ್ಮವರಿಗಿ ರೂಢಿ ಇರ್ತದ."

ಅವನು ಸಿಟ್ಟಿನಿಂದ ಹೇಳಲಿಲ್ಲ. ಬೈಯಲಿಲ್ಲ. ಇಂದು ಬಿಸಿಲು ಭಾಳ ಅದ ಅನ್ನುವ ಹಾಗೆ ಹೇಳಿದ. ಶಿವಕಾಂತಾ ನೆಲ ಒರೆಸುವ ಕೋಲು ಕೆಳಗಿಟ್ಟಳು. ಹೊಟ್ಟೆ ಇತ್ತು, ಖೋಲಿಯ ಬಾಡಿಗೆ ಇತ್ತು. ಬೇರೆ ಕಾರಣ ಏನೂ ಇರಲಿಲ್ಲ. ಹೋದಳು. ಹಿಂಗಾಲಿಗೆ ಹಗ್ಗ ಕಟ್ಟಿದಳು. ಅದರ ಕಣ್ಣು ತೆರೆದೇ ಇದ್ದವು. ಕಣ್ಣಿನ ಮೇಲೆ ಇರುವೆ ಹರಿಯುತ್ತಿದ್ದವು. ಹುಲ್ಲಿನಲ್ಲಿ, ಕಲ್ಲಿನಲ್ಲಿ ಎಳೆದುಕೊಂಡು ಹೋಗಿ ಜೆಸಿಬಿ ತೋಡಿದ ಗುಂಡಿಗೆ ತಳ್ಳಿ ಮೇಲೆ ಸುಣ್ಣ ಚೆಲ್ಲಿದಳು.

ವಾಪಸು ಬಂದಾಗ ಗಾಜಿನ ಬಾಗಿಲಲ್ಲಿ ನಿಂತ ಕಾವಲಿನವನು ಕೈ ಅಡ್ಡ ಹಿಡಿದ. "ನೀ ಒಳಗ ಬರಬ್ಯಾಡ ಅಂದಾರ. ನಾಳಿಂದ ನಿನ್ನ ಡ್ಯೂಟಿ ಹೊರಗ."

ಅಲ್ಲಿಂದ ಅದೇ ಅವಳ ಕೆಲಸವಾಯಿತು. ಬೆಳಗ್ಗೆ ಮೊದಲ ವಿಮಾನ ಏಳುವ ಮುಂಚೆ ರನ್‌ವೇ ಉದ್ದಕ್ಕೂ ನಡೆದು ಸತ್ತ ಹಕ್ಕಿ ಆರಿಸಬೇಕು. ಗೊರವಂಕ, ಹದ್ದು, ಬೆಳ್ಳಕ್ಕಿ. ಕೆಲವು ಇಡೀ ಇರುತ್ತಿದ್ದವು. ಕೆಲವು ಬರೇ ರೆಕ್ಕೆ ಮತ್ತು ರಕ್ತ. ಅವನ್ನು ಡಾಂಬರಿನಿಂದ ಕೆರೆದು ತೆಗೆಯಬೇಕಾಗುತ್ತಿತ್ತು. ಟಿಟ್ಟಿಭದ ಮೊಟ್ಟೆ ಕಂಡರೆ ಕಾಲಲ್ಲಿ ತುಳಿಯಬೇಕು ಅಂತ ಹುಕುಂ ಇತ್ತು. ಬೇಲಿಗೆ ಸಿಕ್ಕು ಸತ್ತ ಚಿಗರಿ ಎಳೆಯಬೇಕು. ಹಕ್ಕಿಯ ಮೊಟ್ಟೆಯನ್ನು ಅವಳು ತುಳಿಯಲಿಲ್ಲ. ಕಂಡಿಲ್ಲ ಅಂತ ಸುಳ್ಳು ಹೇಳಿದಳು. ಹುಲ್ಲು ಕೊಯ್ಯುವ ಯಂತ್ರ ಬಂದು ಅವನ್ನು ಒಡೆದು ಹಾಕಿತು.

ಜೊತೆಗೆ ನೆಲ ಒರೆಸಿದ ಹೆಂಗಸರು ಊಟದ ಹೊತ್ತಿಗೆ ಅವಳನ್ನು ಕರೆಯುವುದು ಬಿಟ್ಟರು. ನೀರಿನ ಯಂತ್ರದ ಹತ್ತಿರ ಅವಳಿಗೆ ಅಂತ ಬೇರೆ ಪ್ಲಾಸ್ಟಿಕ್ ಲೋಟ ಬಂತು. ಅದನ್ನು ಇಟ್ಟವರು ಯಾರು ಅಂತ ಅವಳು ಕೇಳಲಿಲ್ಲ. ಮುರಿದ ಪೈಪುಗಳ ರಾಶಿಯ ನೆರಳಲ್ಲಿ ಒಬ್ಬಳೇ ರೊಟ್ಟಿ ತಿನ್ನುತ್ತಿದ್ದಳು. ಉಸ್ಮಾನ ಮಿಯಾ ಕೆಲವು ಸಲ ಬಂದು ಸ್ವಲ್ಪ ದೂರದಲ್ಲಿ ಕೂರುತ್ತಿದ್ದ. ಮಾತಾಡಿದರೆ ಅವನಿಗೆ ಕೇಳಿಸುತ್ತಿರಲಿಲ್ಲ. ಹಾಗಾಗಿ ಇಬ್ಬರೂ ಸುಮ್ಮನೆ ಕೂರುತ್ತಿದ್ದರು.

ತಮ್ಮನಿಗೆ ಅವಳು ಇದನ್ನು ಹೇಳಿರಲಿಲ್ಲ. ಹೇಳುವ ಹಾಗಿರಲಿಲ್ಲ.

ಅಪ್ಪ ಹಾವಗೆಪ್ಪ ಸತ್ತ ದನ ಎಳೆಯುವುದನ್ನು ಬಿಟ್ಟವನು. ಭಾಲ್ಕಿ ತಾಲೂಕಿನಲ್ಲಿ, ಸಾಯಗಾಂವದಾಚೆಯ ಸಣ್ಣ ಹಳ್ಳಿ ಅವರದು. ಊರಲ್ಲಿ ದನ ಸತ್ತರೆ ಮಾದಿಗ ಕೇರಿಗೆ ಹೇಳಿಕೆ ಬರುತ್ತಿತ್ತು. ಅವರು ಹೋಗಿ ಎಳೆಯುತ್ತಿದ್ದರು. ಶಿವಕಾಂತಾ ಸಣ್ಣವಳಿದ್ದಾಗ ದೊಡ್ಡ ಮನೆಯ ಎತ್ತು ಸತ್ತಿತು. ಹಾವಗೆಪ್ಪ ಹೋಗಲಿಲ್ಲ. ಕರೆಯಲು ಬಂದವನಿಗೆ, "ದುಡಿಸ್ಕೊಂಡವರು ನೀವು. ನೀವೇ ಎಳ್ಕೋರಿ" ಅಂದ. ಎತ್ತು ಅಂಗಳದಲ್ಲಿ ಉಬ್ಬಿತು. ಊರೆಲ್ಲ ನಾರಿತು. ಕೇರಿಗೆ ಕಿರಾಣಿ ಅಂಗಡಿ ಮುಚ್ಚಿತು, ಗಿರಣಿ ಮುಚ್ಚಿತು, ಹೊಲದ ಕೆಲಸ ನಿಂತಿತು. ಒಂದು ದಿನ ಹಾವಗೆಪ್ಪನನ್ನು ಹಿಡಿದು ಅವನ ಬಲಗೈ ಮಣಿಕಟ್ಟು ಮುರಿದರು. ಅದು ಸೊಟ್ಟಗೆ ಕೂಡಿಕೊಂಡಿತು. ಸಾಯುವತನಕ ಆ ಸೊಟ್ಟ ಕೈಯಿಂದಲೇ ಉಂಡ. ಆದರೆ ಆ ಕೇರಿಯಿಂದ ಮತ್ತೆ ಯಾರೂ ದನ ಎಳೆಯಲಿಲ್ಲ. ಅವಿನಾಶ ಈಗಲೂ ದಲಿತ ಸಂಘದ ಸಭೆಗಳಲ್ಲಿ ಈ ಮಾತು ಹೇಳುತ್ತಾನೆ.

ಹೀಗೆ ಒಂದು ಸಭೆಗೆ ಬೀದರಕ್ಕೆ ಬಂದವನು ಅಕ್ಕನ ಖೋಲಿಗೆ ಬಂದ. ಅವಳು ಆಗಷ್ಟೇ ಕೆಲಸದಿಂದ ಬಂದಿದ್ದಳು. ಚಹಾಕ್ಕೆ ಇಟ್ಟಳು. ಅವನು ಹೊಸ್ತಿಲಲ್ಲೇ ನಿಂತ.

"ಏನ್ ವಾಸನಿ ಅಕ್ಕ ಇದು?"

ಅವಳು ಒಲೆಯ ಕಡೆ ತಿರುಗಿದಳು.

"ಅಕ್ಕ, ನಾ ಕೇಳ್ಲತ್ತೇನಿ."

"ಚಿಗರಿ ಸಾಯ್ತಾವ ಅಲ್ಲಿ. ತಂತಿಗಿ ಸಿಕ್ಕಿ."

"ಸಾಯ್ತಾವ. ನಿನಗೇನು ಸಂಬಂಧ?"

ಅವನಿಗೆ ಅರ್ಥವಾಯಿತು. ಚಹಾ ಉಕ್ಕಿ ಒಲೆಗೆ ಚೆಲ್ಲಿತು. ಅವಿನಾಶ ಗೋಡೆ ನೋಡಿದ. ಗೋಡೆಯ ಮೇಲೆ ಅಪ್ಪನ ಫೋಟೋ ಇತ್ತು.

"ಅಪ್ಪನ ಕೈ ಯಾಕ ಮುರೀತು ಅಂತ ಮರತಿ ನೀ."

"ಮರತಿಲ್ಲ."

"ಹಂಗಾರ ಬಿಡು ಆ ಕೆಲಸ."

"ಬಿಟ್ಟು ಎಲ್ಲಿ ಹೋಗ್ಲಿ?"

ಅವನು ಬೇರೆ ಕೆಲಸ ತೋರಿಸಿದ್ದರೆ ಅವಳು ಅವತ್ತೇ ಬಿಡುತ್ತಿದ್ದಳು. ಅವನು ಚಹಾ ಕುಡಿಯದೆ ಹೋದ. ಆಮೇಲೆ ಫೋನ್ ಮಾಡಿದರೆ ಎತ್ತಲಿಲ್ಲ. ಶಿವಕಾಂತಾ ಕೆಲವು ದಿನ ಮಾಡಿ ನೋಡಿದಳು. ಆಮೇಲೆ ಬಿಟ್ಟಳು. ಮಾತಾಡಲು ಅವಳಿಗೆ ಯಾರೂ ಉಳಿಯಲಿಲ್ಲ. ಕೆಲವು ದಿನ ಬೆಳಗಿನಿಂದ ಸಂಜೆತನಕ ಒಂದು ಮಾತೂ ಆಡಿರುತ್ತಿರಲಿಲ್ಲ. ಬಸ್ಸಿನಲ್ಲಿ ಟಿಕೇಟು ಕೇಳುವಾಗ ದನಿ ಒಡೆದು ಬರುತ್ತಿತ್ತು.

ಆ ವರ್ಷ ಬಿಸಿಲು ಹೋಳಿ ಹುಣ್ಣಿಮೆಗೂ ಮುಂಚೆ ಸುರುವಾಯಿತು. ಬೀದರ ತಂಪು ಊರು ಅಂತ ಅನ್ವರಿ ಬೇಗಂ ಹೇಳುತ್ತಿದ್ದಳು. ಅವಳು ಮದುವೆಯಾಗಿ ಬಂದಾಗ ಮೇ ತಿಂಗಳಲ್ಲೂ ಬೆಳಗಿನ ಜಾವ ಕೌದಿ ಹೊದೆಯಬೇಕಿತ್ತಂತೆ. ಈಗ ತಗಡಿನ ಕೆಳಗೆ ಮಲಗಿದರೆ ಬೆನ್ನು ಬೇಯುತ್ತಿತ್ತು. ರನ್‌ವೇ ಮೇಲೆ ಇನ್ನೂ ಕೆಟ್ಟದ್ದು. ಕೆಳಗೆ ಡಾಂಬರು, ಮೇಲೆ ಬಿಸಿಲು, ವಿಮಾನ ತಿರುಗಿದರೆ ಅದರ ಬೆನ್ನಿನ ಕಾವು. ಮೈಮೇಲೆ ಕಾದ ಎಣ್ಣೆ ಎರಚಿದಂತೆ ಆಗುತ್ತಿತ್ತು. ಎದೆಯೊಳಗೆ ಹೊಗೆ ಹೋಗಿ ಕೆಮ್ಮು ಹತ್ತಿತು. ಕೆಮ್ಮಿದರೆ ಕರಿ ಕಫ ಬೀಳುತ್ತಿತ್ತು. ವಿಮಾನಕ್ಕೆ ಬಡಿಯದ ಹಕ್ಕಿಗಳೂ ಸಾಯತೊಡಗಿದವು. ಮಧ್ಯಾಹ್ನ ಹಾರುತ್ತ ಹಾರುತ್ತ ಬಿದ್ದುಬಿಡುತ್ತಿದ್ದವು. ಎತ್ತಿಕೊಂಡರೆ ಮೈ ಸುಡುತ್ತಿತ್ತು, ಕೊಕ್ಕು ತೆರೆದಿರುತ್ತಿತ್ತು. ಬಾಯಲ್ಲಿ ಒಂದು ಹನಿ ಪಸೆ ಇರುತ್ತಿರಲಿಲ್ಲ.

ಒಣಗಿದ ಕೆರೆಯಲ್ಲಿ ಕಂಪನಿಯವರು ಸಾಲಾಗಿ ಗಿಡ ನೆಟ್ಟಿದ್ದರು. ವಿಮಾನದ ಹೊಗೆಯನ್ನು ಈ ಗಿಡಗಳು ಕುಡಿಯುತ್ತವೆ ಅಂತ ಫಲಕ ಹಾಕಿದ್ದರು. ನೀರು ಹಾಕುವವರಿಲ್ಲದೆ ಗಿಡ ಕಡ್ಡಿಯಾದವು. ಫಲಕ ಉಳಿಯಿತು. ನಿಲ್ದಾಣದ ಮುಂದಿನ ಉದ್ದ ಗೋಡೆಯ ಮೇಲೆ ಚಿಗರಿ, ನವಿಲು, ಹಸಿರು ಹುಲ್ಲು ಬರೆಸಿದ್ದರು.

ಗೋಡೆಯ ಹಿಂದೆ ಜೀವಂತ ಚಿಗರಿಗಳು ಕೆರೆಯಂಗಳದ ಒಣ ಮಣ್ಣು ಕೆರೆಯುತ್ತಿದ್ದವು. ಬಿರುಕು ಬಿಟ್ಟ ಮಣ್ಣಿಗೆ ಮೂಗು ಹಚ್ಚಿ ನಿಂತಿರುತ್ತಿದ್ದವು. ಶಿವಕಾಂತಾ ಒಂದು ದಿನ ಪೈಪುಗಳ ರಾಶಿಯಿಂದ ಅಂಚು ಒಡೆದ ಟಬ್ಬು ಎಳೆದು ತಂದಳು. ಕಟ್ಟಡದ ಕೆಲಸದ ನಲ್ಲಿಯಿಂದ ಕೊಡ ಹೊತ್ತು ಅದನ್ನು ತುಂಬಿದಳು. ದೂರ ಹೋಗಿ ಕುಂತಳು. ಚಿಗರಿಗಳು ಬಹಳ ಹೊತ್ತು ಬರಲಿಲ್ಲ. ಆಮೇಲೆ ಹೊಟ್ಟೆ ದೊಡ್ಡದಿದ್ದ ಒಂದು ಹೆಣ್ಣು ಬಂತು. ನೀರಿಗೆ ಬಾಯಿ ಹಾಕಿತು. ಬಾಯಿ ಎತ್ತದೆ ಕುಡಿಯಿತು. ಅದರ ಗಂಟಲು ಏರಿ ಇಳಿಯುವುದು ಅವಳಿಗೆ ಕಾಣುತ್ತಿತ್ತು. ಅವಳ ವಾಸನೆಗೆ ಅದು ಓಡಿಹೋಗಲಿಲ್ಲ.

ಆ ಬೇಸಗೆಯಲ್ಲಿ ಅವಳಿಗಿದ್ದ ನೆಂಟಸ್ತಿಕೆ ಅದೊಂದೇ. ದಿನಾ ನೀರು ಹೊತ್ತಳು. ಸೊಂಟ ಹಿಡಿಯಿತು. ಹೊತ್ತಳು. ಒಂದು ದಿನ ವಿಶ್ವಾಸ ನೋಡಿದ. ಬೈಕಿನಿಂದ ಇಳಿದು ಬಂದು ಟಬ್ಬನ್ನು ಕಾಲಿನಿಂದ ಉರುಳಿಸಿದ.

"ನಿನಗ ತಲಿ ಅದೇನು? ನೀರಿಟ್ರ ಹಕ್ಕಿ ಬರ್ತಾವ. ಒಂದು ಹಕ್ಕಿ ಇಂಜಿನ್‌ದಾಗ ಹೊಕ್ಕರ ಮಂದಿ ಸಾಯ್ತಾರ. ಮಂದಿ ಬೇಕೋ ನಿನಗ, ಹಕ್ಕಿ ಬೇಕೋ?"

"ಅವು ಇದ್ದ ಜಾಗಕ್ಕ ನಾವು ಬಂದೇವಲ್ಲರಿ."

"ಭಾಷಣ ನಿನ್ನ ತಮ್ಮ ಮಾಡ್ತಾನ. ನೀ ಎಳಿಯೋದು ನೋಡು."

ನೀರು ಮಣ್ಣಿನ ಬಿರುಕಿನಲ್ಲಿ ಇಂಗಿಹೋಯಿತು. ಟಬ್ಬನ್ನು ಅವನು ಒಯ್ದ.

ಹೊಸ ರನ್‌ವೇ ಮುಗಿಯಿತು. ಉದ್ಘಾಟನೆಯ ದಿನ ಗೊತ್ತಾಯಿತು. ಹೈದರಾಬಾದಿನಿಂದ ಕಂಪನಿಯ ದೊಡ್ಡ ಸಾಹೇಬರು ಬರುವವರಿದ್ದರು. ಕಟ್ಟಡದ ಮುಂದೆ ಶಾಮಿಯಾನ ಹಾಕಿ ಕೆಂಪು ಜಮಖಾನೆ ಹಾಸಿದರು. ಕೂಲರುಗಳನ್ನು ತಂದರು. ಆ ಬೆಳಗ್ಗೆ ವಿಶ್ವಾಸ ಉಸ್ಮಾನ ಮಿಯಾನಿಗೆ ಕೈಸನ್ನೆಯಲ್ಲಿ ಹೇಳಿದ. ಚಿಗರಿ ಹಿಂಡು ಕಟ್ಟಡದಿಂದ ಕಾಣುವ ಕಡೆ ನಿಂತಿವೆ, ಪಟಾಕಿ ಹೊಡೆದು ಆ ತುದಿಗೆ ಓಡಿಸು.

ಉಸ್ಮಾನ ಮಿಯಾ ಶಿವಕಾಂತಾಳ ಕಡೆ ನೋಡಿದ. ಅವಳು ಬೇಡ ಅಂತ ತಲೆಯಾಡಿಸಿದಳು. ಅವನು ಬೇರೆ ಕಡೆ ಮುಖ ತಿರುಗಿಸಿ ಕಡ್ಡಿ ಗೀರಿದ.

ಹಿಂಡು ಚೆಲ್ಲಾಪಿಲ್ಲಿಯಾಯಿತು. ಪಟಾಕಿಯ ಹೊಗೆಯಲ್ಲಿ ಅವುಗಳಿಗೆ ಬೇಲಿ ಕಾಣಲಿಲ್ಲ. ಗಂಡುಗಳು ಹಾರಿ ತಂತಿಗೆ ತಾಗಿ ಹಿಂದೆ ಬಿದ್ದು ಮತ್ತೆ ಎದ್ದು ಓಡಿದವು. ಹೊಟ್ಟೆ ದೊಡ್ಡದಿದ್ದ ಹೆಣ್ಣಿಗೆ ಹಾರಲು ಆಗಲಿಲ್ಲ. ಅದು ತಂತಿಯೊಳಕ್ಕೇ ನುಗ್ಗಿತು. ಶಿವಕಾಂತಾ ಓಡಿ ಹೋದಾಗ ಅದು ಪಕ್ಕೆ ಹರಿದುಕೊಂಡು ಬಿದ್ದಿತ್ತು. ಮುಂಗಾಲು ಮುರಿದಿತ್ತು. ಬಾಯಿಂದ ನೊರೆ ಬರುತ್ತಿತ್ತು. ಜೀವ ಇತ್ತು.

ವಿಶ್ವಾಸ ಬೈಕಿನಲ್ಲಿ ಬಂದ. ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟಿದ್ದ. ದೂರದಲ್ಲೇ ನಿಂತ.

"ಜಲ್ದಿ ಎಳಿ. ಗುಂಡಿ ಮುಚ್ಚಲಾಕ ಜೆಸಿಬಿ ನಿಂತದ. ಸಾಹೇಬರು ಬಂದಾರ."

"ಇನ್ನ ಜೀವ ಅದರಿ."

"ಹೋಗ್ತದ. ಎಳಿ."

"ಡಾಕ್ಟರನ್ನ ಕರಸ್ರಿ. ದನದ ಡಾಕ್ಟರನ್ನ."

"ಹುಚ್ಚಿ ಏನು ನೀ? ಜೀವ ಇದ್ರ ಇರಲಿ. ಮಣ್ಣು ಹಾಕಿದ ಮ್ಯಾಲ ಎಲ್ಲಾ ಒಂದೇ."

ಅವಳು ಎಳೆಯಲಿಲ್ಲ. ನೆಲಕ್ಕೆ ಕೂತಳು. ಅದರ ಕುತ್ತಿಗೆಯ ಮೇಲೆ ಕೈ ಇಟ್ಟಳು. ಕುತ್ತಿಗೆ ಬಡಿದುಕೊಳ್ಳುತ್ತಿತ್ತು. ವಿಶ್ವಾಸ ಬೈದ. ಅವಳ ಜಾತಿ ಹೆಸರು ಹಿಡಿದು, ತಾಯಿ ಹೆಸರು ಹಿಡಿದು ಬೈದ. ಅವಳು ತಲೆ ಎತ್ತಲಿಲ್ಲ. ಬಿಸಿಲು ಏರಿತು. ಬಡಿತ ನಿಧಾನವಾಯಿತು. ಆಮೇಲೆ ನಿಂತಿತು. ಅದು ನಿಂತ ಮೇಲೂ ಹೊಟ್ಟೆಯೊಳಗಿನ ಮರಿ ಒದೆಯುತ್ತಿತ್ತು. ಅವಳು ಕೈಯನ್ನು ಹೊಟ್ಟೆಯ ಮೇಲೆ ಇಟ್ಟಳು. ಮರಿ ಒದೆಯಿತು. ಮತ್ತೆ ಒದೆಯಿತು. ಆಮೇಲೆ ಅದೂ ನಿಂತಿತು.

ಶಿವಕಾಂತಾ ಎದ್ದಳು. ಹಿಂಗಾಲಿಗೆ ಹಗ್ಗ ಕಟ್ಟಿದಳು.

"ಹಾಂ, ಹಿಂಗ," ಅಂದ ವಿಶ್ವಾಸ. ಬೈಕಿನ ಮೇಲೆ ಕೂತ.

ಅವಳು ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ತಿರುಗಿದಳು. ಗುಂಡಿ ಬಲಗಡೆ ಇತ್ತು. ಅವಳು ಎಡಕ್ಕೆ ಹೊರಟಳು.

ಮೊದಲು ಅವನಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಬೈಕು ತಂದು ಅಡ್ಡ ನಿಲ್ಲಿಸಿದ. ಅವಳು ಬೈಕಿನ ಸುತ್ತ ಹಾಯ್ದು ಎಳೆದಳು. ಚಿಗರಿ ಭಾರ ಇತ್ತು. ಎರಡು ಜೀವದ ಭಾರ. ಹಗ್ಗ ಹೆಗಲಿಗೆ ಕೊರೆಯಿತು. ಹುಲ್ಲು ಮುಗಿದು ಕಲ್ಲು ಬಂತು, ಕಲ್ಲು ಮುಗಿದು ಹೊಸ ಕಾಂಕ್ರೀಟು ಬಂತು. ಕಾಂಕ್ರೀಟಿನ ಮೇಲೆ ಉದ್ದಕ್ಕೂ ರಕ್ತದ ಗೆರೆ ಎದ್ದಿತು. ವಿಶ್ವಾಸ ಕೂಗಿ ಕಾವಲಿನವರನ್ನು ಕರೆದ. ಅವರು ಓಡಿ ಬಂದರು. ಹತ್ತಿರ ಬಂದು ನಿಂತುಬಿಟ್ಟರು. ತಡೆಯಬೇಕಾದರೆ ಅವಳನ್ನು ಮುಟ್ಟಬೇಕಿತ್ತು. ಹಗ್ಗ ಕಸಿಯಬೇಕಾದರೆ ಹೆಣವನ್ನು ಮುಟ್ಟಬೇಕಿತ್ತು. ನೀ ಹಿಡಿ, ನೀ ಹಿಡಿ ಅಂತ ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಹಿಡಿಯಲಿಲ್ಲ. ಅವಳು ಬಂದಂತೆ ಹಿಂದಕ್ಕೆ ಸರಿದರು. ತನ್ನನ್ನು ಮುಟ್ಟದ ಮಂದಿ ಬಿಟ್ಟುಕೊಟ್ಟ ದಾರಿಯಲ್ಲಿ ಶಿವಕಾಂತಾ ನಡೆದಳು.

ಶಾಮಿಯಾನದಲ್ಲಿ ದೊಡ್ಡ ಸಾಹೇಬರು ಮೈಕಿನ ಮುಂದೆ ಇದ್ದರು. "ಈ ನಿಲ್ದಾಣದಿಂದ ಏಳುವ ಹೊಗೆಯ ಪ್ರತಿ ಕಣಕ್ಕೂ ನಾವು ಲೆಕ್ಕ ಕೊಡುತ್ತೇವೆ," ಅನ್ನುತ್ತಿದ್ದರು. "ಇಂಗಾಲ ಶೂನ್ಯ ನಮ್ಮ ಗುರಿ. ಇಲ್ಲಿಯ ಪಕ್ಷಿ, ಪ್ರಾಣಿ ಎಲ್ಲವೂ ನಮ್ಮ ಕುಟುಂಬ."

ಮುಂದಿನ ಸಾಲಿನ ಒಬ್ಬ ಹೆಂಗಸು ಮೊದಲು ನೋಡಿ ಕುರ್ಚಿ ತಳ್ಳಿ ಎದ್ದಳು. ಆಮೇಲೆ ಸಾಲಿಗೆ ಸಾಲೇ ಎದ್ದಿತು. ಶಿವಕಾಂತಾ ಕೆಂಪು ಜಮಖಾನೆಯ ಮೇಲೆ ಚಿಗರಿಯನ್ನು ಎಳೆದು ತಂದು ವೇದಿಕೆಯ ಮೆಟ್ಟಿಲ ಹತ್ತಿರ ಬಿಟ್ಟಳು. ಹೆಗಲಿಂದ ಹಗ್ಗ ತೆಗೆದಳು. ಉಸಿರು ಸಿಗುತ್ತಿರಲಿಲ್ಲ. ಕೆಮ್ಮಿದಳು. ಎಲ್ಲರೂ ಮೂಗು ಮುಚ್ಚಿಕೊಂಡಿದ್ದರು. ಕೂಲರಿನ ಗಾಳಿ ರಕ್ತದ ವಾಸನೆಯನ್ನು ಹಿಂದಿನ ಸಾಲಿನತನಕ ಒಯ್ದಿತು.

"ಎಳಿ ಅಂದ್ರಿ," ಅಂದಳು. "ಎಳಕೊಂಡು ಬಂದೀನಿ. ಇದು ನಿಮ್ಮದು. ಹೊಟ್ಟ್ಯಾಗ ಮರಿ ಅದ, ಅದೂ ನಿಮ್ಮದೇ. ಇನ್ನ ಮ್ಯಾಲ ನಾ ಎಳಿಯಂಗಿಲ್ಲ."

ಕೊರಳಿನ ಹೆಸರಿನ ಪಟ್ಟಿ ತೆಗೆದು ಚಿಗರಿಯ ಮೇಲೆ ಹಾಕಿದಳು. ಖಾಕಿ ಅಂಗಿ ಬಿಚ್ಚಿ ಹಾಕಿದಳು. ಅಲ್ಲೇ ನೆಲದ ಮೇಲೆ ಕುಂತಳು. ಮೈಕು ಹಾಗೇ ಚಾಲೂ ಇತ್ತು. ಅದರಲ್ಲಿ ಅವಳ ಕೆಮ್ಮು ದೊಡ್ಡದಾಗಿ ಕೇಳಿಸಿತು.

ಪೊಲೀಸರು ಅವಳನ್ನೇ ಹಿಡಿದರು. ಚಿಗರಿ ಬೇಟೆಯಾಡಬಾರದು, ಹೆಣವನ್ನೂ ಇಟ್ಟುಕೊಳ್ಳಬಾರದು, ಕಾನೂನು ಬಿಗಿ ಇದೆ. ಮಾಂಸದ ಆಸೆಗೆ ಕೊಂದು ಒಯ್ಯುತ್ತಿದ್ದಳು, ಕಾವಲಿನವರು ಹಿಡಿದರು ಅಂತ ಕಂಪನಿಯವರು ದೂರು ಬರೆದುಕೊಟ್ಟರು. ಗುಂಡಿಯನ್ನು ಅವತ್ತೇ ಮುಚ್ಚಿ ಮೇಲೆ ಕಾಂಕ್ರೀಟು ಸುರಿದರು. ಪೇಪರಿನಲ್ಲಿ ಅವಳ ಫೋಟೋ ಬಂತು. ಕೆಲವು ವಾರ ಜೈಲಿನಲ್ಲಿದ್ದಳು. ಸರಕಾರದ ಕಡೆಯಿಂದ ಬಡವರಿಗೆ ಕೊಡುವ ವಕೀಲೆ ಜೇಬಾ ಓಡಾಡಿ ಜಾಮೀನು ಕೊಡಿಸಿದಳು. ಜೇಬಾ ಇನ್ನೂ ಚಿಕ್ಕ ವಯಸ್ಸಿನವಳು. ಒಳ್ಳೆಯವಳು. ಅವಳಿಗೆ ಇಂಥ ಕೇಸು ಬಹಳ ಇದ್ದವು.

ಹೊರಗೆ ಬಂದಾಗ ಜೈಲಿನ ಮುಂದೆ ಯಾರೂ ಇರಲಿಲ್ಲ. ಖೋಲಿಗೆ ಹೋದಳು. ಪೊಲೀಸರು ಎರಡು ಸಲ ಬಂದು ಪಾತ್ರೆಯ ಮುಚ್ಚಳ ಎತ್ತಿ ನೋಡಿ ಹೋಗಿದ್ದರು. ಅನ್ವರಿ ಬೇಗಂ ಅವಳನ್ನು ಕೂರಿಸಿ ಊಟ ಕೊಟ್ಟಳು. ಉಂಡಾದ ಮೇಲೆ ಅತ್ತಳು.

"ಮನ್ಯಾಗ ದೊಡ್ಡ ದೊಡ್ಡ ಹುಡುಗರು ಅದಾರ ಬೇಟಿ. ಮಾಂಸದ ಕೇಸು ಅಂತಾರ. ನಮ್ಮ ಮನಿಗಿ ಪೊಲೀಸರು ಬಂದ್ರ ಬ್ಯಾರೇನೇ ಮಾತಾಗ್ತದ. ನೀ ತಪ್ಪು ತಿಳಕೋಬ್ಯಾಡ."

"ಇಲ್ಲ ಖಾಲಾ," ಅಂದಳು ಶಿವಕಾಂತಾ. ಅಪ್ಪನ ಫೋಟೋ, ಸೀರೆ, ಪಾತ್ರೆ ಗಂಟು ಕಟ್ಟಿದಳು. ನೌಬಾದ ಕಡೆ ಕಟ್ಟಡ ಕಟ್ಟುವಲ್ಲಿ ಜಲ್ಲಿ ಹೊರುವ ಕೆಲಸ ಸಿಕ್ಕಿತು. ಅಲ್ಲೇ ತಗಡಿನ ಶೆಡ್ಡು.

ಅವಿನಾಶ ಒಂದು ಸಲ ಫೋನ್ ಮಾಡಿದ. ದನಿ ಗಟ್ಟಿ ಇತ್ತು. "ಅಪ್ಪ ಎಳಿಯೋದು ಬಿಟ್ಟು ಹೆಸರು ಮಾಡ್ದ. ನೀ ಎಳದು ಪೇಪರ್‌ದಾಗ ಬಂದಿ."

"ಎಲ್ಲಿಗಿ ಎಳದೀನಿ ಅಂತ ಬರದಾರೇನು ಅದರಾಗ?"

ಅವಳು ಕಾದಳು. ಆ ಕಡೆ ಟ್ರ್ಯಾಕ್ಟರಿನ ಸದ್ದು ಕೇಳುತ್ತಿತ್ತು. ಆಮೇಲೆ ಅದೂ ಕೇಳಲಿಲ್ಲ. ಫೋನ್ ಇಟ್ಟಿದ್ದ.

ಉಸ್ಮಾನ ಮಿಯಾ ಅವಳನ್ನು ಹುಡುಕಿಕೊಂಡು ಬಂದ. ಅವಳು ಜಲ್ಲಿಯ ಬುಟ್ಟಿ ತಲೆಯ ಮೇಲಿಟ್ಟುಕೊಂಡಿದ್ದಳು. ಅವನು ಟೊಪ್ಪಿಗೆ ಕೈಯಲ್ಲಿ ಹಿಡಿದು ರಸ್ತೆಯಂಚಿನಲ್ಲಿ ನಿಂತ. ಕಿವುಡರು ಮಾತಾಡುವ ಹಾಗೆ ದೊಡ್ಡ ದನಿಯಲ್ಲಿ ಹೇಳಿದ.

"ನನಗ ಪೊಲೀಸರು ಕರಸಿದ್ರು. ಕೇಳಿದ್ರು. ನಾ ಏನೂ ನೋಡಿಲ್ಲ ಅಂತ ಹೆಬ್ಬಟ್ಟು ಒತ್ತೀನಿ ಬೇಟಿ. ನೌಕ್ರಿ ಹೋಗ್ತದ ಅಂದ್ರು ಕಂಪನಿಯವರು."

ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು.

"ನಿಮಗ ಕೇಳ್ಸೂದಿಲ್ಲ ಅಂತ ಗೊತ್ತಿತ್ತು ಚಾಚಾ," ಅಂದಳು ಅವಳು. "ಕಾಣ್ಸೂದೂ ಇಲ್ಲ ಅಂತ ಗೊತ್ತಿರ್ಲಿಲ್ಲ."

ಅವನು ಕಿವಿಗೆ ಕೈ ಹಚ್ಚಿ ಬಗ್ಗಿದ. "ಏನಂದಿ?"

ಅವನ ಕಣ್ಣು ಕೆಂಪಗಿದ್ದವು. ಪಟಾಕಿಯ ಮದ್ದಿಗೆ ಬೆರಳು ಕಪ್ಪಾಗಿದ್ದವು.

ಅವಳು ಏನಿಲ್ಲ ಅಂತ ತಲೆಯಾಡಿಸಿದಳು. ಬುಟ್ಟಿ ಹೊತ್ತು ಮೆಟ್ಟಿಲು ಹತ್ತಿದಳು. ಮೇಲಿಂದ ನೋಡಿದಾಗ ಅವನು ಇನ್ನೂ ಅಲ್ಲೇ ನಿಂತಿದ್ದ.

ಬೀದರ ಕೋರ್ಟಿನಲ್ಲಿ ದೋಷಾರೋಪ ಓದುವ ದಿನ ಬಂತು. ವರಾಂಡದಲ್ಲಿ ಜೇಬಾ ಅವಳ ಪಕ್ಕ ಕೂತಳು. ಸರಿದು ಕೂರಲಿಲ್ಲ, ಒತ್ತಿಕೊಂಡೇ ಕೂತಳು. ಯಾರಾದರೂ ಹಾಗೆ ಪಕ್ಕದಲ್ಲಿ ಕೂತು ಎಷ್ಟು ದಿನವಾಯಿತು ಅಂತ ಶಿವಕಾಂತಾಳಿಗೆ ಅನ್ನಿಸಿತು.

"ಅಕ್ಕ, ಒಂದು ಮಾತು ಹೇಳ್ತೀನ್ರಿ," ಅಂದಳು ಜೇಬಾ. "ಸಾಕ್ಷಿ ಹೇಳವರು ಒಬ್ಬರೂ ಇಲ್ಲ, ಶಾಮಿಯಾನದಾಗ ಕೂತವರೂ ಬರಲ್ಲ ಅಂದಾರ. ಗುಂಡಿ ಇಲ್ಲ. ನೀವು ತಪ್ಪಾಗ್ಯದ, ತಿಳೀಲಾರದೆ ಮಾಡೀನಿ ಅಂದ್ರ ಜಜ್ ಸಾಹೇಬರು ಕಮ್ಮಿ ಮಾಡಬಹುದು. ಕಂಪನಿಯವರೂ ಹಠ ಮಾಡಲ್ಲ ಅಂತ ಅವರ ವಕೀಲರು ಹೇಳ್ಯಾರ. ಜೈಲಿನ್ಯಾಗ ಇದ್ದ ದಿನಾನೂ ಹಿಡೀತಾರ. ಜಲ್ದಿ ಮುಗೀತದ."

"ಮುಗದು?"

"ಮುಗದು ನೀವು ಆರಾಮ ಇರಬಹುದು."

ಶಿವಕಾಂತಾ ತನ್ನ ಕೈ ನೋಡಿಕೊಂಡಳು. ಜಲ್ಲಿ ಹೊತ್ತು ಉಗುರು ಮುರಿದಿದ್ದವು. ಕೈಯಲ್ಲಿ ಈಗ ಸಿಮೆಂಟಿನ ವಾಸನೆ ಮಾತ್ರ ಇತ್ತು.

ಕೂಗಿದರು. ಒಳಗೆ ಹೋದಳು. ಕಟಕಟೆಯಲ್ಲಿ ನಿಂತಳು. ದೋಷಾರೋಪ ಓದಿದರು. ಗರ್ಭ ಧರಿಸಿದ್ದ ಕೃಷ್ಣಮೃಗವನ್ನು ಕೊಂದದ್ದು, ಮಾಂಸಕ್ಕಾಗಿ ಒಯ್ದದ್ದು. ಫ್ಯಾನು ತಿರುಗುತ್ತಿತ್ತು. ಜಜ್ಜರು ಕಾಗದದಿಂದ ತಲೆ ಎತ್ತಿದರು.

"ನಿಮ್ಮ ಜೊತೆ ಯಾರಾದರೂ ಬಂ‌ದಿದ್ದಾರೆಯೇ?"

"ಇಲ್ರಿ."

"ಓದಿದ್ದು ಕೇಳಿದಿರಾ? ತಪ್ಪು ಒಪ್ಪಿಕೊಳ್ಳುತ್ತೀರಾ?"

ಜೇಬಾ ಕಣ್ಣಿನಲ್ಲೇ ಹೂಂ ಅನ್ನಿ ಅಂದಳು. ಹಿಂದಿನ ಬೆಂಚಿನಲ್ಲಿ ವಿಶ್ವಾಸ ಕೂತಿದ್ದ. ಬಿಳಿ ಅಂಗಿ. ಕಂಪನಿಯ ವಕೀಲ ಗಡಿಯಾರ ನೋಡಿಕೊಂಡ.

"ಎಳದವಳು ನಾನೇರಿ," ಅಂದಳು ಶಿವಕಾಂತಾ. "ಕೊಂದವಳು ನಾ ಅಲ್ಲ. ಕೊಂದವರನ್ನ ಕರಸ್ರಿ."

ಜಜ್ಜರು ಪೆನ್ನು ಕೆಳಗಿಟ್ಟು ಅವಳನ್ನು ನೋಡಿದರು. ಆಮೇಲೆ ಪೆನ್ನು ಎತ್ತಿಕೊಂಡು ಬರೆದರು. ಆರೋಪಿ ಒಪ್ಪಿಲ್ಲ, ವಿಚಾರಣೆ ನಡೆಯಲಿ ಅಂತ ಬೆರಳಚ್ಚಿನವನಿಗೆ ಹೇಳಿ ಮುಂದಿನ ತಾರೀಖು ಕೊಟ್ಟರು.

ಹೊರಗೆ ಬಂದ ಮೇಲೆ ಜೇಬಾ ಕರಿ ಕೋಟು ಬಿಚ್ಚಿ ತೋಳ ಮೇಲೆ ಹಾಕಿಕೊಂಡಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿದಳು.

"ಇದು ವರ್ಷಗಟ್ಲೆ ನಡೀತದ ಅಕ್ಕ. ಪ್ರತಿ ತಾರೀಖಿಗಿ ಕೂಲಿ ಬಿಟ್ಟು ನೀವು ಒಬ್ಬರೇ ಬರಬೇಕಾಗ್ತದ."

"ಬರ್ತೇನಿ," ಅಂದಳು ಶಿವಕಾಂತಾ.